ಬಿಳಿ ಬಳಿದದ್ದು

ಶಿವರಾಂಪೇಟೆಯ ಆ ಪ್ರೆಸ್ಸಿನಲ್ಲಿ ನನಗೆ ಕೊಟ್ಟಿದ್ದು
ಒಂದು ಸೊನ್ನೆ ನಂಬರಿನ ಕುಂಚ, ಒಂದು ಬಿಳಿ ಬಣ್ಣದ ಸೀಸೆ,
ಕಿಟಕಿ ಪಕ್ಕದ ಕುರ್ಚಿ. ತಿಂಗಳಿಗೆ ಎಂಬತ್ತು ರೂಪಾಯಿ.
ಬರೆಯುವವರು ವೀರಭದ್ರಾಚಾರ್ರು.
ಅಳಿಸುವವಳು ನಾನು.

ಅವರದು ಬೀಟೆ ಮರಕ್ಕೆ ದಂತ ಕೂರಿಸುತ್ತಿದ್ದ ಮನೆತನ.
ಗೆರೆಯೂ ಹಾಗೇ, ಕೊರೆದು ಕೂರಿಸಿದ ಹಾಗೆ.
ಅವರ ಕರಿಘಟ್ಟದ ಕೆಂಚ ಕಾವೇರಿಗೆ ಧುಮುಕಿದರೆ
ಪುಟದ ಅಂಚು ಒದ್ದೆಯಾಯಿತೇನೋ ಅಂತ ಮುಟ್ಟಿ ನೋಡುತ್ತಿದ್ದೆ.
ಮೂವತ್ತೆರಡು ಪುಟ, ನಲವತ್ತು ಪೈಸೆ,
ಮದ್ದೂರು ಮಂಡ್ಯಕ್ಕೆ ಬೆಳಗಿನ ಬಸ್ಸಿನ ಟಾಪಿನ ಮೇಲೆ.

ಯಾರೂ ನಿಷೇಧಿಸಿರಲಿಲ್ಲ.
ಇದನ್ನು ಎರಡು ಸಲ ಹೇಳಬೇಕು: ಯಾರೂ ನಿಷೇಧಿಸಿರಲಿಲ್ಲ.
ಪಾಂಡವಪುರದ ಹೆಡ್‌ಮಾಸ್ತರೊಬ್ಬರ ಕಾರ್ಡು ಬಂತು,
ಹುಡುಗರು ಕೆಂಚನ ಹಾಗೆ ಮಾಳಿಗೆಯಿಂದ ಹಾರುತ್ತಾರೆ,
ಒಬ್ಬನ ಮೊಣಕೈ ಮುರಿದಿದೆ, ಅಷ್ಟೇ.
ಕಡಲಾಚೆ ಎಲ್ಲೋ ಇಂಥ ಪುಸ್ತಕ ರಾಶಿ ಹಾಕಿ
ಶಾಲೆಯಂಗಳದಲ್ಲೇ ಸುಟ್ಟರಂತೆ,
ಆಮೇಲೆ ಪ್ರಕಾಶಕರೇ ಕೂಡಿ
ಮುಖಪುಟಕ್ಕೊಂದು ಮುದ್ರೆ ಮಾಡಿಕೊಂಡರಂತೆ.
ಧಣಿ ತಿಬ್ಬಯ್ಯನವರು ಯಾವುದೋ ಹಳೇ ಪತ್ರಿಕೆಯಲ್ಲಿ ಓದಿದ್ದರು.
"ಅವರು ಬಂದು ಬಾಗಿಲು ಬಡಿಯೋಕೆ ಮುಂಚೆ
ನಾವೇ ಚಿಲಕ ಹಾಕ್ಕೊಳ್ಳೋದು ಮರ್ಯಾದೆ ಕಣಮ್ಮ."

ರಬ್ಬರ್ ಸ್ಟಾಂಪು ಬಂತು: ಮಕ್ಕಳಿಗೆ ಯೋಗ್ಯ.
ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದಿನಕ್ಕೊಂದು ಸಾಲು.
ರಕ್ತ ಬೇಡ. ಬಿಳಿ.
ದೆವ್ವ ಅನ್ನಬೇಡಿ, ನೆರಳು ಅನ್ನಿ.
ಪೇದೆ ಮುಗ್ಗರಿಸಬಾರದು. ಅವನ ಕಾಲಡಿಯ ಕಲ್ಲು, ಬಿಳಿ.
ಚೆನ್ನಿ ಸೀರೆಯನ್ನು ಮಂಡಿ ಮೇಲೆ ಕಟ್ಟಿದ್ದಳು.
"ನಾಟಿ ಹಾಕೋಳು ಇನ್ನೆಲ್ಲಿಗೆ ಕಟ್ತಾಳೆ?" ಅಂದರು ಆಚಾರ್ರು.
ಮೊದಲು ಬಿಳಿ, ಅದರ ಮೇಲೆ ಕಪ್ಪು ಗೆರೆ,
ಪಾದದವರೆಗೆ ಮುಚ್ಚಿದೆ.
ಕೆಸರಲ್ಲಿ ನಿರಿಗೆ ನೆಂದು ಹೋಯಿತು. ಅದಕ್ಕೆ ನಿಯಮವಿರಲಿಲ್ಲ.

ಕೊನೆಗೆ ಕತ್ತಿ.
ಕೆಂಚನ ಮುಷ್ಟಿ ಗಾಳಿ ಹಿಡಿದು ನಿಂತಿತು.
ಎದುರಿಗಿದ್ದವನು ಸಾಯುತ್ತಿದ್ದ,
ಊಟ ಹೆಚ್ಚಾದವನ ಹಾಗೆ ಹೊಟ್ಟೆ ಹಿಡಿದುಕೊಂಡು.
ಇಬ್ಬರೂ ನಕ್ಕೆವು, ಆಚಾರ್ರಿಗೆ ಕೆಮ್ಮು ಬರುವ ತನಕ.

ಮೂರು ತಿಂಗಳಲ್ಲಿ ನನಗೆ ಕೆಲಸವೇ ಇಲ್ಲ.
ಪುಟ ತಿರುಗಿಸುತ್ತೇನೆ, ಅಳಿಸಲು ಏನೂ ಇಲ್ಲ.
ಕೆಂಚ ಮರದಡಿ ಕೂತು ಬುದ್ಧಿಮಾತು ಹೇಳುತ್ತಾನೆ.
ಹೊಳೆಗೆ ಮೆಟ್ಟಿಲು ಹಿಡಿದು ಇಳಿಯುತ್ತಾನೆ.
ಮುಟ್ಟಿ ನೋಡಿದೆ. ಒಣಗಿತ್ತು.
"ನೋಡು, ಬಿಳಿ ಖರ್ಚೇ ಆಗಿಲ್ಲ," ಖುಷಿಪಟ್ಟರು ತಿಬ್ಬಯ್ಯನವರು.

ಆ ದೀಪಾವಳಿಗೆ ಮಂಡ್ಯದ ಬಾಡಿಗೆ ಪುಸ್ತಕದಂಗಡಿಯಿಂದ
ಹರಕು ಪ್ರತಿಗಳ ಒಂದು ಕಟ್ಟು ವಾಪಸ್ಸು ಬಂತು.
ಸಕ್ಕರೆ ಕಾರ್ಖಾನೆಯ ಮಡ್ಡಿ ವಾಸನೆ ಕಾಗದಕ್ಕೂ ಹತ್ತಿತ್ತು.
ಖಾಲಿ ಮುಷ್ಟಿಯ ಪುಟ ತೆರೆದೆ.
ಯಾರೋ ನೀಲಿ ಬಾಲ್‌ಪೆನ್ನಲ್ಲಿ ಕತ್ತಿ ಬರೆದಿದ್ದರು.
ಇನ್ನೊಂದರಲ್ಲಿ ಕ್ರಿಕೆಟ್ ಬ್ಯಾಟು.
ಇನ್ನೊಂದರಲ್ಲಿ ಹಾವೋ ಹೂವೋ ತಿಳಿಯದ್ದು.
ಚೆನ್ನಿಗೆ ಮೀಸೆ.
ಒಂದರಲ್ಲಿ ಕಬ್ಬು ಕಡಿಯುವ ಮಚ್ಚು,
ಹಿಡಿಗೆ ಸುತ್ತಿದ ಬಟ್ಟೆಯ ಸಮೇತ.
ಆಚಾರ್ರು ಅದನ್ನೇ ಬಹಳ ಹೊತ್ತು ನೋಡಿದರು.
"ಹಿಡಿ ಸರಿಯಾಗಿದೆ," ಅಂದರು.

ಅವತ್ತು ರಾತ್ರಿ ನರಸೀಪುರದ ಅಕ್ಕನಿಗೆ ಕಾಗದ ಬರೆಯಲು ಕೂತೆ.
ಎಡಗೈಯಲ್ಲಿ ಬಳೆ ಎರಡು ಕಡಿಮೆ ಇದ್ದವು.
ಯಾಕೆಂದು ಬರೆಯಲೆಂದೇ ಕೂತಿದ್ದೆ.
ಇಲ್ಲಿ ಎಲ್ಲರೂ ಕ್ಷೇಮ, ಎಂದು ಬರೆದೆ.
ಸೀಸೆಯ ಮುಚ್ಚಳ ಕೂಡ ತೆಗೆಯಬೇಕಾಗಲಿಲ್ಲ.

ಕತ್ತಿ ಅಳಿಸಿದ ಆ ಮೂಲಪುಟ ಈಗಲೂ ಟ್ರಂಕಿನಲ್ಲಿದೆ.
ಬಿಳಿ ಹಳದಿಗೆ ತಿರುಗಿ
ಹಳೇ ಗೋಡೆ ಸುಣ್ಣದ ಹಾಗೆ ಬಿರಿದಿದೆ.
ಮೊಮ್ಮಗಳು ಉಗುರು ಹಾಕಿದಳು.
"ಬೇಡ" ಅಂದೆ,
ಅಂದ ಮೇಲೆ ಯಾಕೆ ಅಂದೆನೆಂದು ಹುಡುಕುತ್ತಾ ಕೂತೆ.
ಅಷ್ಟರಲ್ಲಿ ಹಿಡಿ ಕಾಣುತ್ತಿತ್ತು.