ನಾಲ್ಕನೆಯ ಕೊಳವೆ

ಮೂವತ್ತೊಂದು ವರ್ಷ ತಾರ್ತು ಊರಿನ
ಚಿಮಣಿಗಳ ಮಸಿ ಕೆರೆದ ವಾಲ್ದುರ್
ಇವತ್ತು ತಾನೇ ಒಂದು ಮನೆಯಾಗಿ
ಬಾಯಿ ತೆರೆದು ಮಲಗಿದ.

ಮೂರು ರಾತ್ರಿ ದವಡೆಯಲ್ಲಿ
ಯಾರೋ ಕಬ್ಬಿಣ ಕಾಯಿಸುತ್ತಿದ್ದರು.
ಸೂಜಿ ಇಳಿದದ್ದೇ ತಡ, ಅರ್ಧ ತುಟಿ ಪರರದಾಯಿತು.

ಡಾಕ್ಟರ್ ಮಾರಿಕಾ ಎಕ್ಸ್‌ರೇ ಹಿಡಿದಳು:
"ಹುಳುಕು ಇಲ್ಲಿಂದ ಇಳಿದು ನರ ಕೊಳೆತಿದೆ.
ಬೇರಿನ ತುದಿಯ ಈ ಕರಿ ನೆರಳು, ಕೀವು.
ಕೀಳುವುದು ಬೇಡ. ಒಳಗಿನ ಕೊಳವೆ ತೊಳೆದು
ತುದಿತನಕ ತುಂಬಿ ಮುಚ್ಚಿದರೆ ಸಾಕು.
ಮೂರಿವೆ."

ಅವನು ನಾಲ್ಕು ಬೆರಳೆತ್ತಿದ.
ಹಳೇ ಮನೆಗಳನ್ನು ಬಲ್ಲವನು;
ನಕ್ಷೆಯಲ್ಲಿಲ್ಲದ್ದೊಂದು ಗೋಡೆಯೊಳಗೆ ಇದ್ದೇ ಇರುತ್ತದೆ.

ಹಸಿರು ರಬ್ಬರ್ ಹಾಳೆ. ಈಜುಕೊಳದ ವಾಸನೆ.
ಕೂದಲಿನಂಥ ಅರ, ಆಮೇಲೆ ಕೊಂಚ ದಪ್ಪದ್ದು,
ಅದಕ್ಕೂ ದಪ್ಪದ್ದು. ತನ್ನ ಕುಂಚಗಳದೇ ಕ್ರಮ!
ಹೆದರಿಕೆ ಎಲ್ಲಿಟ್ಟೆನೆಂದು ಹುಡುಕಿದ, ಸಿಗಲಿಲ್ಲ.
ಮುಕ್ಕಾಲು ಗಂಟೆಗೆ ಅವಳ ಉಸಿರು ನಿಂತಿತು.
"ಇದೆ," ಅಂದಳು. "ನಾಲ್ಕನೆಯದು."
ನಗಲು ಹೋದ. ಜೊಲ್ಲು ಕತ್ತಿಗಿಳಿಯಿತು.

ಎಲ್ಲ ಮುಗಿದ ಮೇಲೆ, ತೊದಲುತ್ತ:
"ಹಾಗಾದರೆ ಈ ಹಲ್ಲು ಸತ್ತಂತೆಯೆ?"
"ಅಗಿಯುತ್ತದೆ. ನಿಮಗೆ ದೂರು ಹೇಳುವುದಿಲ್ಲ, ಅಷ್ಟೆ.
ಎರಡು ದಿನ ನೋಯಬಹುದು, ಮಾತ್ರೆ ಇದೆ.
ಹದಿನೈದು ದಿನಕ್ಕೆ ಬನ್ನಿ, ಟೊಪ್ಪಿಗೆ ತೊಡಿಸೋಣ."

ಮನೆಯಲ್ಲಿ ಕಪ್ಪು ರೊಟ್ಟಿಯನ್ನು
ಎಡಗಡೆಯಲ್ಲೇ ಅಗಿದ.
ನಾಲಿಗೆ ಮಾತ್ರ ಮತ್ತೆ ಮತ್ತೆ ಬಲಕ್ಕೆ ಹೋಗಿ ನಿಲ್ಲುತ್ತಿತ್ತು,
ದಿನಾ ಜಗಳವಾಡುತ್ತಿದ್ದ ಪಕ್ಕದ ಮನೆಯವನು
ಊರು ಬಿಟ್ಟ ರಾತ್ರಿ
ಗೋಡೆಗೆ ಕಿವಿಯಿಟ್ಟ ಹಾಗೆ.