ಆರನೇ ಕಾಲಂ

ಭಾನುವಾರ ಬೆಳಿಗ್ಗೆ ಏಳಕ್ಕೇ ಸಾಲು.
ಹಿಂದೆ ಅವಲಕ್ಕಿ ಮಿಲ್ಲಾಗಿದ್ದ ಶೆಡ್ಡು,
ಗೋಡೆಯ ಬಿರುಕಲ್ಲಿ ಈಗಲೂ ಭತ್ತದ ಹೊಟ್ಟು.
ತರಕಾರಿ ಕ್ರೇಟಿನಲ್ಲಿ ಬೆಕ್ಕು, ದುಪಟ್ಟಾದಲ್ಲಿ ಬೆಕ್ಕು,
ಮಿಕ್ಸಿ ಬಂದ ರಟ್ಟಿನ ಡಬ್ಬದಲ್ಲಿ
ತೂತು ಕೊರೆದು ಇನ್ನೊಂದು.
ಸೈಕಲ್ ಟ್ಯೂಬಿಗೆ ಕಟ್ಟಿದ ನಾಯಿ
ತನ್ನನ್ನು ತಂದ ಹುಡುಗನನ್ನೇ ಎಳೆದುಕೊಂಡು ಬರುತ್ತದೆ.

ನಾನು ಡಾಕ್ಟರಲ್ಲ, ಬರೆಯುವವನು.
ಭದ್ರಾವತಿಯ ಕಾಗದದ ಕಾರ್ಖಾನೆಯ ಸ್ಟೋರ್ಸಿನಲ್ಲಿ
ಇಪ್ಪತ್ತಾರು ವರ್ಷ ನಟ್ಟು ಬೋಲ್ಟು ಎಣಿಸಿದ ಕೈ
ಈಗ ಬರೆಯುತ್ತದೆ: ಪಿಂಕಿ, ಟೈಗರ್, ಕರಿಯ, ಮತ್ತೊಂದು ಪಿಂಕಿ.
"ಹೆಸರಿಲ್ಲ ಸಾರ್, ಬಾ ಅಂದ್ರೆ ಬರ್ತದೆ."
ಹಾಗೇ ಬರೆದೆ: ಬಾ.

ಹೆಣ್ಣಿಗೆ ನಾನೂರು, ಗಂಡಿಗೆ ಮುನ್ನೂರು,
ಇಲ್ಲದವರು ಇದ್ದಷ್ಟು.
"ಗಂಡಿಗೆ ಬೇಡ ಬಿಡಿ, ಪಾಪ" ಅನ್ನುವವರು
ಮೀಸೆ ಸವರಿಕೊಂಡು ಹೆಣ್ಣನ್ನೇ ತರುತ್ತಾರೆ.
ಮುಕ್ತಿಯಾರ್ ದುಡ್ಡಿನ ಬದಲು ಸಂಜೆವರೆಗೆ ಆಟೋ ಓಡಿಸುತ್ತಾನೆ.
ಹೊಲಿಗೆ ಬಿದ್ದವರನ್ನು ಗೋಪಾಳಕ್ಕೆ, ವಿನೋಬನಗರಕ್ಕೆ,
ಗುಂಡಿ ಕಂಡಲ್ಲಿ ತಾನೇ ಉಸಿರು ಹಿಡಿದು.

"ರಾತ್ರಿಯಿಂದ ಏನೂ ಕೊಟ್ಟಿಲ್ಲ ತಾನೆ?"
"ಎಂತದೂ ಇಲ್ಲ ಮಾರಾಯ್ರೆ. ಬರೀ ಎರಡು ಇಡ್ಲಿ.
ನಮ್ಮ ಮುಖವೇ ನೋಡ್ತಾ ಇತ್ತು."
ಇಡ್ಲಿ ತಿಂದವರು ಮುಂದಿನ ವಾರ.

ಒಳಗೆ ಡಾಕ್ಟರ್ ಐರಿನ್. ಬೋಳಿಸಿದ ಹೊಟ್ಟೆ
ಇಷ್ಟು ಚಿಕ್ಕದೆ?
ಎರಡು ಬೆರಳಗಲದ ಸೀಳಿನೊಳಗೆ ಕೊಕ್ಕೆ ಇಳಿದು
ಹುಡುಕಿ ಮೇಲೆತ್ತುವುದು ಒಂದು ಗುಲಾಬಿ ಎಳೆ.
ಮೊದಲ ದಿನ ನೋಡಲಾಗದೆ ಹೊರಗೆ ಬಂದು ಕೂತಿದ್ದೆ.
ಒಳಗಿಂದಲೇ ಕೂಗಿದರು:
"ಕೂರಬೇಡಿ ಚೆನ್ನವೀರಪ್ಪನವರೇ, ಬಿಸಿನೀರಿನ ಬಾಟಲಿ ತನ್ನಿ,
ಇದರ ಮೈ ತಣ್ಣಗಾಗ್ತಿದೆ."

ಕೊರಳಿನ ಲಾಳಿಕೆ ನಾವೇ ಹೊಲಿಯುತ್ತೇವೆ,
ಆಸ್ಪತ್ರೆಯವರು ಎಸೆದ ಎಕ್ಸ್‌ರೇ ಹಾಳೆಯಲ್ಲಿ.
ಯಾರದೋ ಪಕ್ಕೆಲುಬು, ಯಾರದೋ ಮುರಿದ ಮಣಿಕಟ್ಟು
ತೊಟ್ಟು ನಾಯಿ ಬಿಸಿಲಿಗೆ ನಿಂತರೆ
ಎಲುಬು ನೆಲಕ್ಕೆ ಬೀಳುತ್ತದೆ, ನಸುನೀಲಿ.
ಮೂಸುತ್ತದೆ. ತಿನ್ನುವಂಥದ್ದಲ್ಲ.

ದ್ಯಾವಮ್ಮ ಬಂದದ್ದು ಹನ್ನೊಂದರ ಮೇಲೆ,
ಮೀನೆಲ್ಲ ಖಾಲಿಯಾದ ಬುಟ್ಟಿಯಲ್ಲಿ ಬೆಕ್ಕು ಹೊತ್ತು.
"ಆರನೇ ಕಾಲಂ, ಒಪ್ಪಿಗೆ. ಇಲ್ಲಿ ಹೆಬ್ಬೆಟ್ಟು."
"ಯಾರ ಒಪ್ಪಿಗೆ?"
"ನಿಮ್ಮದು. ಬೆಕ್ಕು ನಿಮ್ಮದಲ್ವಾ?"
ಬುಟ್ಟಿಯ ಕಡೆ ನೋಡಿದಳು.
"ಮೂರು ಸಲ ಹೆತ್ತಿದೆ. ಮೂರು ಸಲವೂ ಮರಿಗಳನ್ನ
ಚೀಲದಲ್ಲಿ ಕಟ್ಟಿ ಹೊಳೆ ಹತ್ರ ಬಿಟ್ಟು ಬಂದೆ.
ಬಿಟ್ಟು ಬಂದೆ ಅಂತಲೇ ಬರಕೊಳ್ಳಿ."
ಅದಕ್ಕೆ ಕಾಲಂ ಇರಲಿಲ್ಲ.

ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಳ್ಳುತ್ತ ಅಂದಳು:
"ನಂಗೂ ಮಾಡಿದ್ರು. ಶಾಲೆ ಬೆಂಚಿನ ಮೇಲೆ,
ಒಂದೇ ದಿನ ನಲವತ್ತು ಜನಕ್ಕೆ.
ಒತ್ತಿದ್ದು ನನ್ನ ಗಂಡನ ಹೆಬ್ಬೆಟ್ಟು.
ಒಂದು ಸ್ಟೀಲ್ ಕೊಡಪಾನ ಕೊಟ್ರು. ಇನ್ನೂ ಸೋರಿಲ್ಲ."
ಸಾಲಿನಲ್ಲಿ ಯಾರೋ ನಕ್ಕರು.
ನಾನು ಪೆನ್ನಿನ ಮುಚ್ಚಳ ಹುಡುಕಿದೆ.

ಬೆಕ್ಕಿಗೆ ಎಚ್ಚರಾಗುವವರೆಗೆ ಗೋಣಿಯ ಪಕ್ಕ ಕೂತಿದ್ದಳು,
ಬಿಸಿ ಬಾಟಲಿಯನ್ನು ಒಮ್ಮೆ ಬೆಕ್ಕಿನ ಬೆನ್ನಿಗೆ,
ಒಮ್ಮೆ ತನ್ನ ಕಿಬ್ಬೊಟ್ಟೆಗೆ ಒತ್ತಿಕೊಂಡು.
ಒಣಗಿದ ನಾಲಿಗೆಯನ್ನು ಒದ್ದೆ ಬೆರಳಿಂದ ಒರೆಸಿದಳು.
ಮೀನಿನ ಬೆರಳು.
ಕಣ್ಣಿಗಿಂತ ಮೊದಲು ಎದ್ದದ್ದು ಮೂಗು.

ಸಂಜೆ ಲೆಕ್ಕ ಕೂಡಿಸಿದೆ: ಹತ್ತೊಂಬತ್ತು ಹೆಣ್ಣು, ನಾಲ್ಕು ಗಂಡು,
ಕೊರತೆ ಸಾವಿರದ ಇನ್ನೂರು.
"ಊರಿನ ನಾಯಿ ಮುಗಿದವಾ?" ದಿನದ ಹಾಗೆ ಮನೆಯಲ್ಲಿ ಕೇಳುತ್ತಾಳೆ,
ದಿನದ ಹಾಗೆ ಬೀದಿ ತುದಿಯಿಂದಲೇ ಉತ್ತರ ಬೊಗಳುತ್ತದೆ.

ಅವಳ ಹೆಬ್ಬೆಟ್ಟಿನ ಮಸಿಯಲ್ಲಿ
ಒಂದು ಮೀನಿನ ಹುರುಪೆ ಅಂಟಿಕೊಂಡಿತ್ತು.
ಕೆರೆದು ತೆಗೆಯಬಹುದಿತ್ತು.
ಹಾಗೇ ಬಿಟ್ಟು ಪುಸ್ತಕ ಮುಚ್ಚಿದೆ;
ಆ ಪುಟ ಸರಿಯಾಗಿ ಕೂರಲಿಲ್ಲ.