ಐನೂರ ಹದಿಮೂರು

ಶ್ರೀನಿವಾಸಪುರದ ಮಂಡಿಯಲ್ಲಿ ಬೆಲೆ ಬಾಯಿಗೆ ಬರುವುದಿಲ್ಲ.
ಟವಲಿನ ಕೆಳಗೆ ಬೆರಳು ಬೆರಳನ್ನು ಹಿಡಿದು
ಕೇಳುತ್ತದೆ, ಒಪ್ಪುತ್ತದೆ, ಕೊಸರಿಕೊಳ್ಳುತ್ತದೆ.
ನಾಲ್ಕು ವರ್ಷ ನಮ್ಮ ಮೇಲ್ ಕಳಿಸುತ್ತಿದ್ದ ಕಂಪನಿ
ತಿಂಗಳ ಕೊನೆಗೆ ಮುಚ್ಚುತ್ತದಂತೆ.
ಹೊಸ ಮೂರರ ದರಪಟ್ಟಿ ಓದುವಾಗ
ನನಗೆ ಕಂಡದ್ದು ಅದೇ ಟವಲು.

ಮೊದಲನೆಯದು ಆರು ತಿಂಗಳು ಅರ್ಧ ಬೆಲೆ;
ಆಮೇಲೆ ಎಷ್ಟು ಅನ್ನುವುದು ಒಂದು ಚುಕ್ಕಿಯ ಹಿಂದೆ,
ಇರುವೆಸಾಲಿನಂಥ ಅಕ್ಷರದಲ್ಲಿ.
ಎರಡನೆಯದಕ್ಕೆ ಕನ್ನಡ ದಕ್ಕಲಿಲ್ಲ.
ಹಣ್ಣು ಅಂತ ಬರೆದು ಕಳಿಸಿದರೆ
ಣು ಒಂದು ಕಡೆ, ಒತ್ತು ಇನ್ನೊಂದು ಕಡೆ,
ಲಾರಿಯಿಂದ ಬಿದ್ದ ಕ್ರೇಟಿನ ಹಾಗೆ.
ನೆತ್ತಿಯ ಮೇಲೆ: "ಪ್ರಿಯ ಹೆಸರು, ನಮಸ್ಕಾರ."
ಪಿಳ್ಳಪ್ಪನವರು ಕನ್ನಡಕ ಏರಿಸಿದರು:
"ಹೆಸರುಕಾಳಿಗೆ ಯಾಕಮ್ಮ ನಮಸ್ಕಾರ, ದಿಲ್ಶಾದ್?
ನಾವು ಮಾರೋದು ಮಾವು."

ಮೂರನೆಯದು ಪುಕ್ಕಟೆ. ಐನೂರು ಜನದವರೆಗೆ.
ನಮ್ಮ ಪಟ್ಟಿಯಲ್ಲಿ ಐನೂರ ಹದಿಮೂರು.
ಅವರು ಕೇಳಿದ್ದು ಒಂದೇ ಮಾತು:
"ಸಾಕು ಅನ್ನೋರಿಗೆ ಬಾಗಿಲು ಎಲ್ಲಿಟ್ಟಿದಾರೆ?"
ತೋರಿಸಿದೆ. ಕಾಗದದ ಬುಡದಲ್ಲೇ, ಬಿಡಿಸಿ ಬರೆದು.
"ಹಂಗಾದರೆ ಇದೇ ಆಗಲಿ" ಅಂದು
ರಸಪುರಿ ಹರಾಜಿಗೆ ಎದ್ದು ಹೋದರು.

ಹದಿಮೂರು ಜನರನ್ನು ಇಳಿಸಬೇಕು.
ವಿಳಾಸ ತಪ್ಪಿ ವಾಪಸಾದವು ಏಳು.
ಎರಡೆರಡು ಸಲ ಸೇರಿಕೊಂಡವರು ಮೂವರು.
ಕಾರ್ಬೈಡ್ ಹಾಕಿ ಮಾಗಿಸಿದ್ದೀರಿ ಅಂತ
ಬೈದು ಬರೆದ ಹಾಸನದ ಲಾಯರು.
ಒಂದನ್ನೂ ತೆರೆಯದ ಒಬ್ಬ ದಂತವೈದ್ಯೆ.

ಹದಿಮೂರನೆಯವರು ಚಾಮರಾಜನಗರದ ಕೆಂಪನಂಜಯ್ಯ,
ಸರ್ವೆ ಇಲಾಖೆ, ನಿವೃತ್ತ.
ಹೋದ ಜೂನಿನಲ್ಲಿ ಅವರ ಪೆಟ್ಟಿಗೆ ಹಿಂದಕ್ಕೆ ಬಂದಿತ್ತು,
ಮೇಲೆ ಕೊರಿಯರ್ ಹುಡುಗನ ಕೈಬರಹ: ತೀರಿಕೊಂಡಿದ್ದಾರೆ.

ಅಳಿಸಲು ಬೆರಳು ಇಟ್ಟಾಗಿತ್ತು.
ಪಕ್ಕದ ಅಂಕಣ ಕಣ್ಣಿಗೆ ಬಿತ್ತು.
ತೆರೆದದ್ದು: ಮೊನ್ನೆ, ರಾತ್ರಿ ಹನ್ನೊಂದೂ ನಲವತ್ತು.
ಅದರ ಹಿಂದಿನದೂ ತೆರೆದಿದೆ. ಅದರ ಹಿಂದಿನದೂ.
ಯಾರೋ
ನಮ್ಮ ಮಲ್ಲಿಕಾ ಧಾರಣೆಯನ್ನು
ಅವರ ಹೆಸರಿನಲ್ಲಿ ಓದುತ್ತಿದ್ದಾರೆ.

ಬೆರಳು ತೆಗೆದೆ.
ಲೆಕ್ಕಕ್ಕೆ ಇನ್ನೊಂದು ಬೇಕಲ್ಲ, ಮೇಲಿಂದ ಹುಡುಕಿದೆ.
ಮೊದಲ ಸಾಲಿನಲ್ಲಿ ನಾನೇ ಇದ್ದೆ,
ಕಳಿಸಿದ್ದು ಮುಟ್ಟುತ್ತದೋ ನೋಡಲು
ಅವತ್ತು ಹಾಕಿಕೊಂಡ ನನ್ನದೇ ವಿಳಾಸ.
ಅದನ್ನು ಅಳಿಸಿದೆ.

ನಾಳೆ ಬೆಳಿಗ್ಗೆ ಆರಕ್ಕೆ ಐನೂರು ಮನೆಗೆ ಹೋಗುತ್ತದೆ.
ಹೋಯಿತಾ ಅಂತ ಪಿಳ್ಳಪ್ಪನವರು ಕೇಳುತ್ತಾರೆ.
ಹೋಗಿರಬೇಕು ಸಾರ್, ಅನ್ನಬೇಕು.